ಕುರಿಯ ಗ್ರಂಥಿಯಿಂದ ಬದುಕು ಕೊಟ್ಟ ಡಾಕ್ಟರ್ ಜಾರ್ಜ್ ಮರ್ರೆ

ಪ್ರಥಮ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಥೈರಾಯ್ಡ್ ಗ್ರಂಥಿಗೆ ಸಿಕ್ಕಿರುವ ಜಾಗ ಹೆಚ್ಚೆಂದರೆ ಒಂದು ಪುಟ. ಶ್ವಾಸನಾಳದ ಎರಡೂ ಬದಿಗೆ ಎರಡು ಹಾಲೆಗಳು, ನಡುವೆ ಒಂದು ಸಣ್ಣ ಪಟ್ಟಿ, ಟಿ4, ಟಿ3, ಅಯೋಡಿನ್ ಕಡಿಮೆಯಾದರೆ ಗಳಗಂಡ. ಇಷ್ಟನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ನಾವು ಮುಂದಕ್ಕೆ ಹೋಗುತ್ತೇವೆ. ಈ ಗ್ರಂಥಿ ಕೆಲಸ ನಿಲ್ಲಿಸಿದ ಒಬ್ಬ ರೋಗಿಯನ್ನು ಅದರ ರಸವನ್ನೇ ಔಷಧವಾಗಿ ಕೊಟ್ಟು ಗುಣಪಡಿಸಿದ ವೈದ್ಯರ ಹೆಸರು ಆ ಪುಟದಲ್ಲಿ ಇಲ್ಲ. ಅವರು ಡಾ. ಜಾರ್ಜ್ ರೆಡ್‌ಮೇನ್ ಮರ್ರೆ. ಆ ಕೆಲಸ ಮಾಡಿದಾಗ ಅವರಿಗೆ ಇನ್ನೂ 26 ತುಂಬಿರಲಿಲ್ಲ. ನಮಗಿಂತ ಎಂಟು ವರ್ಷ ದೊಡ್ಡವರು, ಅಷ್ಟೆ.

ಮರ್ರೆ ಹುಟ್ಟಿದ್ದು 1865ರ ಜೂನ್ 20ರಂದು, ಇಂಗ್ಲೆಂಡಿನ ಉತ್ತರದಲ್ಲಿರುವ ನ್ಯೂಕಾಸಲ್ ನಗರದಲ್ಲಿ. ಕಲ್ಲಿದ್ದಲು ಮತ್ತು ಹಡಗು ಕಟ್ಟುವ ಕೆಲಸಕ್ಕೆ ಹೆಸರಾದ ಊರು ಅದು. ತಂದೆಯೂ ಅಲ್ಲಿಯೇ ವೈದ್ಯರು. ಮಗ ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನ ಓದಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು. ಆಮೇಲೆ ಬರ್ಲಿನ್, ಪ್ಯಾರಿಸ್ ಸುತ್ತಿ ಹೊಸ ಪ್ರಯೋಗಾಲಯಗಳನ್ನು ನೋಡಿಕೊಂಡು ಊರಿಗೆ ಮರಳಿದರು. ಲಂಡನ್ನಿನಲ್ಲಿ ಅವರಿಗೆ ವಿಕ್ಟರ್ ಹಾರ್ಸ್ಲಿ ಎಂಬ ಶಸ್ತ್ರವೈದ್ಯರ ಪರಿಚಯವಾಗಿತ್ತು. ಮರ್ರೆಯವರ ಬದುಕಿನ ದಾರಿ ತಿರುಗಿದ್ದು ಅಲ್ಲಿ.

ಹಾರ್ಸ್ಲಿಯವರ ವಿಷಯ ಹೇಳುವ ಮೊದಲು ಆ ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಬೇಕು. 1873ರಲ್ಲಿ ವಿಲಿಯಂ ಗಲ್ ಎಂಬ ವೈದ್ಯರು ಕೆಲವು ಮಧ್ಯವಯಸ್ಸಿನ ಹೆಂಗಸರಲ್ಲಿ ಒಂದು ವಿಚಿತ್ರ ಬದಲಾವಣೆಯನ್ನು ಗುರುತಿಸಿದರು. ಮುಖ ಊದಿಕೊಳ್ಳುತ್ತದೆ, ಚರ್ಮ ಒಣಗಿ ದಪ್ಪವಾಗುತ್ತದೆ, ಮಾತು ನಿಧಾನವಾಗುತ್ತದೆ, ಯಾವಾಗಲೂ ಚಳಿ, ಯಾವ ಕೆಲಸಕ್ಕೂ ಮನಸ್ಸಿಲ್ಲ. 1878ರಲ್ಲಿ ವಿಲಿಯಂ ಆರ್ಡ್ ಅದಕ್ಕೆ ಮಿಕ್ಸಿಡೀಮಾ ಎಂದು ಹೆಸರಿಟ್ಟರು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಥಿಯೋಡರ್ ಕೋಕರ್ ಎಂಬ ಶಸ್ತ್ರವೈದ್ಯರು ಗಳಗಂಡ ಬಂದವರ ಥೈರಾಯ್ಡನ್ನು ಕತ್ತರಿಸಿ ತೆಗೆಯುತ್ತಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಪೂರ್ತಿ ಗ್ರಂಥಿ ತೆಗೆಸಿಕೊಂಡವರನ್ನು ಕೆಲವು ವರ್ಷಗಳ ನಂತರ ಕರೆಸಿ ನೋಡಿದಾಗ ಅವರೂ ಮಂದವಾಗಿ, ಊದಿಕೊಂಡಿದ್ದರು. 1883ರಲ್ಲಿ ಕೋಕರ್ ಅದನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಿದರು. (ಥೈರಾಯ್ಡ್ ಬಗ್ಗೆ ಮಾಡಿದ ಕೆಲಸಕ್ಕೆ 1909ರ ನೊಬೆಲ್ ಬಹುಮಾನ ಬಂದದ್ದು ಇವರಿಗೇ.) ಲಂಡನ್ನಿನ ವೈದ್ಯರ ಸಮಿತಿಯೊಂದು ಐದು ವರ್ಷ ಪರಿಶೀಲಿಸಿ, ಗ್ರಂಥಿ ತಾನಾಗಿ ಸೊರಗಿದರೂ ಕತ್ತರಿಸಿ ತೆಗೆದರೂ ಆಗುವುದು ಒಂದೇ ಕಾಯಿಲೆ ಎಂದು 1888ರಲ್ಲಿ ವರದಿ ಕೊಟ್ಟಿತು.

ಕಾರಣ ತಿಳಿಯಿತು, ಚಿಕಿತ್ಸೆ ಇರಲಿಲ್ಲ. ರೋಗಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗುವುದನ್ನು ಮನೆಯವರು ನೋಡುತ್ತಾ ಕೂರಬೇಕಿತ್ತು.

ಹಾರ್ಸ್ಲಿ 1890ರಲ್ಲಿ ಒಂದು ಸಲಹೆ ಕೊಟ್ಟರು. ಕುರಿಯ ಥೈರಾಯ್ಡನ್ನು ರೋಗಿಯ ಚರ್ಮದಡಿ ನೆಟ್ಟರೆ ಹೇಗೆ? ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಬೆಟೆನ್‌ಕೂರ್ ಮತ್ತು ಸೆರಾನೊ ಎಂಬ ಇಬ್ಬರು ಅದೇ ವರ್ಷ ಹಾಗೆ ಮಾಡಿಯೂ ನೋಡಿದರು. ರೋಗಿ ಮರುದಿನದಿಂದಲೇ ಚೇತರಿಸಿಕೊಳ್ಳತೊಡಗಿದಳು. ಮರ್ರೆಯವರ ಬುದ್ಧಿವಂತಿಕೆ ಇರುವುದು ಇದನ್ನು ಅರ್ಥಮಾಡಿಕೊಂಡ ರೀತಿಯಲ್ಲಿ. ನೆಟ್ಟ ತುಂಡಿಗೆ ಹೊಸ ರಕ್ತನಾಳ ಬೆಳೆದು ಅದು ಕೆಲಸ ಆರಂಭಿಸಲು ದಿನಗಳೇ ಬೇಕು. ಮರುದಿನವೇ ಗುಣ ಕಂಡಿದ್ದರೆ ಅದು ತುಂಡಿನಿಂದ ಸೋರಿದ ರಸದ ಪ್ರಭಾವ. ಹಾಗಾದರೆ ತುಂಡು ಯಾಕೆ, ರಸವನ್ನೇ ಕೊಡೋಣ ಎಂದು ಅವರು ಯೋಚಿಸಿದರು.

1891ರ ಫೆಬ್ರುವರಿಯಲ್ಲಿ ಅವರು ತಮ್ಮ ಭಾಗದ ವೈದ್ಯರ ಸಂಘದ ಸಭೆಯಲ್ಲಿ ಈ ಯೋಚನೆಯನ್ನು ಮುಂದಿಟ್ಟರು. ಹಿರಿಯರೊಬ್ಬರು ಗೇಲಿ ಮಾಡಿದರು. ಬೆನ್ನುಹುರಿಯ ರೋಗಕ್ಕೆ ಬೆನ್ನುಹುರಿಯನ್ನೇ ಅರೆದು ಚುಚ್ಚಿದ ಹಾಗಾಯಿತು ಎಂಬ ಅರ್ಥದ ಮಾತು ಅದು. ಆ ಹಿರಿಯರನ್ನು ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಎರಡು ವರ್ಷ ಮೊದಲಷ್ಟೇ ಪ್ಯಾರಿಸ್‌ನಲ್ಲಿ ಬ್ರೌನ್-ಸೆಕಾರ್ ಎಂಬ ಪ್ರಸಿದ್ಧ ವಿಜ್ಞಾನಿ ಪ್ರಾಣಿಗಳ ವೃಷಣದ ರಸ ಚುಚ್ಚಿಕೊಂಡು ತನಗೆ ಯೌವನ ಮರಳಿತು ಎಂದು ಸಾರಿದ್ದರು. ಅದನ್ನು ನಂಬಿ ಎಷ್ಟೋ ಜನ ಹಣ ಕಳೆದುಕೊಂಡರು. ಅಂಥ ಸಮಯದಲ್ಲಿ ಯಾರೋ ಹುಡುಗ ಎದ್ದುನಿಂತು ಕುರಿಯ ಗ್ರಂಥಿಯ ರಸ ಎಂದರೆ ಸಂಶಯ ಬರುವುದು ಸಹಜ. ಸಂಶಯವನ್ನು ತೀರಿಸಲು ಮರ್ರೆ ವಾದಕ್ಕೆ ಇಳಿಯಲಿಲ್ಲ, ಕೆಲಸಕ್ಕೆ ಇಳಿದರು.

ಆಗಷ್ಟೇ ಕೊಯ್ದ ಕುರಿಯ ಥೈರಾಯ್ಡನ್ನು ಶುದ್ಧವಾದ ಉಪಕರಣಗಳಿಂದ ತೆಗೆದು, ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ತೆಳುವಾದ ಕಾರ್ಬಾಲಿಕ್ ಆಮ್ಲದಲ್ಲಿ ಒಂದು ದಿನ ನೆನೆಸಿಟ್ಟರು. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ತೆಳು ಕರವಸ್ತ್ರದಲ್ಲಿ ಹಿಂಡಿದಾಗ ನಸುಗೆಂಪಿನ ಮಬ್ಬು ದ್ರವ ಸಿಕ್ಕಿತು. ಏಪ್ರಿಲ್‌ನಲ್ಲಿ ಅದನ್ನು 46 ವರ್ಷದ ಒಬ್ಬ ಮಹಿಳೆಗೆ ಬೆನ್ನಿನ ಚರ್ಮದಡಿ ಚುಚ್ಚಿದರು. ಹಲವು ವರ್ಷಗಳಿಂದ ಆಕೆಗೆ ಮಾತು ನಿಧಾನವಾಗಿತ್ತು, ಮೈಯ ಉಷ್ಣತೆ ಇಳಿದಿತ್ತು, ಬೆವರುವುದೇ ನಿಂತಿತ್ತು, ಹೊಸಬರ ಮುಖ ನೋಡಲೂ ಹಿಂಜರಿಕೆ. ಚುಚ್ಚುಮದ್ದು ಮೊದಲು ವಾರಕ್ಕೆ ಎರಡು, ಆಮೇಲೆ ಅಂತರ ಹೆಚ್ಚು. ಮೂರು ತಿಂಗಳಲ್ಲಿ ಮುಖದ ಊತ ಇಳಿಯಿತು. ಮಾತು ಚುರುಕಾಯಿತು. ವರ್ಷಗಳಿಂದ ನಿಂತಿದ್ದ ಮುಟ್ಟು ಮರಳಿ ಬಂತು. ನಡೆದರೆ ಬೆವರು ಬರತೊಡಗಿತು, ಮನೆಗೆಲಸ ಹಿಂದಿಗಿಂತ ಬೇಗ ಮುಗಿಯುತ್ತಿತ್ತು. 1891ರ ಅಕ್ಟೋಬರ್ 10ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮರ್ರೆ ಇದನ್ನು ಬರೆದರು. ಚಿಕ್ಕ ಟಿಪ್ಪಣಿ, ಒಬ್ಬಳೇ ರೋಗಿ. ಹೆಚ್ಚಿನದನ್ನೇನೂ ಅವರು ಹೇಳಿಕೊಳ್ಳಲಿಲ್ಲ.

ಈ ಲಕ್ಷಣಗಳನ್ನು ಓದಿದಾಗ ನನಗೆ ನನ್ನ ಖಾಲಾ ಕಣ್ಣ ಮುಂದೆ ಬಂದರು. ಖಾಲಾ ಎಂದರೆ ಅಮ್ಮಿಯ ತಂಗಿ, ಮಾಸ್ತಿಕಟ್ಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇರುವವರು. ಅವರಿಗೆ ಥೈರಾಯ್ಡ್ ಇದೆ ಎಂದು ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು. ಕಾರಣ ನಮ್ಮ ಊರೇ. ಹುಲಿಕಲ್ ಘಾಟಿಯ ನೆತ್ತಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಯಾರಿಗೆ ಚಳಿಯಾಗುವುದಿಲ್ಲ? ಯಾರ ಕೈಕಾಲು ಜಡವಾಗುವುದಿಲ್ಲ? ಖಾಲಾ ಕಂಬಳಿ ಹೊದ್ದು ಒಲೆಯ ಮುಂದೆಯೇ ಕೂತಿರುತ್ತಿದ್ದರು, ಎಲ್ಲರೂ ಮಳೆಯ ಮೇಲೆ ಹಾಕಿದೆವು. ಬೇಸಿಗೆಯಲ್ಲೂ ಅವರು ಕಂಬಳಿ ಬಿಡದಿದ್ದಾಗ ಅಬ್ಬಾ ಅವರನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಅಂದಿನಿಂದ ದಿನಾ ಬೆಳಗ್ಗೆ ಒಂದು ಚಿಕ್ಕ ಬಿಳಿ ಮಾತ್ರೆ.

ಮರ್ರೆಯವರ ಕಥೆಗೆ ಮರಳುತ್ತೇನೆ. 1892ರಲ್ಲಿ ಲಂಡನ್ನಿನ ಹೆಕ್ಟರ್ ಮೆಕೆಂಜಿ ಮತ್ತು ಪ್ಲಿಮತ್‌ನ ಎಡ್ವರ್ಡ್ ಫಾಕ್ಸ್, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಚುಚ್ಚುವುದು ಬೇಡ, ಗ್ರಂಥಿಯನ್ನು ತಿನ್ನಿಸಿದರೂ ಸಾಕು ಎಂದು ತೋರಿಸಿದರು. ಫಾಕ್ಸ್ ಅವರ ರೋಗಿ ಕುರಿಯ ಅರ್ಧ ಥೈರಾಯ್ಡನ್ನು ಲಘುವಾಗಿ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯ ಜೊತೆ ವಾರಕ್ಕೊಮ್ಮೆ ತಿನ್ನುತ್ತಿದ್ದರು. ಇನ್ಸುಲಿನ್ನನ್ನು ಹೀಗೆ ತಿಂದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ, ಅದು ಪ್ರೋಟೀನ್. ಥೈರಾಯ್ಡ್ ಹಾರ್ಮೋನಿನ ಅಣು ಚಿಕ್ಕದು, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಮರ್ರೆಯವರ ರೋಗಿಯೂ ಚುಚ್ಚುಮದ್ದು ಬಿಟ್ಟು ಅದೇ ರಸವನ್ನು ಬಾಯಿಯಿಂದ ತೆಗೆದುಕೊಳ್ಳತೊಡಗಿದರು. ಬೇಗನೆ ಗ್ರಂಥಿಯನ್ನು ಒಣಗಿಸಿ ಪುಡಿಮಾಡಿದ ಮಾತ್ರೆಗಳು ಬಂದವು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಥೈರಾಯ್ಡ್ ಔಷಧ ಎಂದರೆ ಅದೇ.

ಆ ಹಳೆಯ ಮಾತ್ರೆ ಕಳೆದ ವರ್ಷ ನಮ್ಮ ಮನೆಗೂ ಬಂತು. ಖಾಲಾ ಮಾತ್ರೆ ನುಂಗುತ್ತಿದ್ದರೂ ಸುಸ್ತು ಪೂರ್ತಿ ಹೋಗಿರಲಿಲ್ಲ. ಟಿಎಸ್‌ಎಚ್ ಒಮ್ಮೆ ಸರಿಯಿದ್ದರೆ ಇನ್ನೊಮ್ಮೆ ಏರಿರುತ್ತಿತ್ತು. ವಿದೇಶದಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಇದನ್ನು ಕೇಳಿ, ಕಾರ್ಖಾನೆಯ ರಾಸಾಯನಿಕ ಬಿಟ್ಟು ನೈಸರ್ಗಿಕವಾದದ್ದನ್ನು ತೆಗೆದುಕೋ ಎಂದು ಒಂದು ಡಬ್ಬಿ ತಂದುಕೊಟ್ಟರು. ಖಾಲಾ ಅದನ್ನು ನನ್ನ ಕೈಗೆ ಕೊಟ್ಟು, ನೀನು ವಿಜ್ಞಾನ ಓದುವವಳಲ್ಲವಾ, ನೋಡಿ ಹೇಳು ಎಂದರು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪೋರ್ಸೈನ್ ಎಂದಿತ್ತು. ಎಂದರೆ ಹಂದಿಯದು. ಖಾಲಾಗೆ ಹೇಳಿದೆ. ಅವರು ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ತೊಳೆದುಕೊಂಡರು.

ಅಲ್ಲಿಗೆ ನಮ್ಮ ಮನೆಯಲ್ಲಿ ಪ್ರಶ್ನೆ ಮುಗಿದ ಹಾಗಾಯಿತು. ಹಲಾಲ್ ಆದ ಔಷಧ ಕೈಯಲ್ಲೇ ಇರುವಾಗ ಅನಿವಾರ್ಯ ಎಂಬ ಮಾತು ಬರುವುದಿಲ್ಲ ಎಂದು ಅಬ್ಬಾ ಹೇಳಿದರು. ಆದರೆ ನನಗೆ ಪ್ರಶ್ನೆ ಮುಗಿದಿರಲಿಲ್ಲ. ಅದು ಮರ್ರೆಯವರದ್ದರಂತೆ ಕುರಿಯದ್ದೇ ಆಗಿದ್ದರೆ? ಖಾಲಾಗೆ ಅದು ಹೆಚ್ಚು ಒಳ್ಳೆಯದಾಗುತ್ತಿತ್ತೇ? ಅದನ್ನು ತಿಳಿಯಲೆಂದೇ ನಾನು ಓದಲು ಕುಳಿತದ್ದು, ಮರ್ರೆ ಸಿಕ್ಕಿದ್ದೂ ಹಾಗೆಯೇ.

ಗ್ರಂಥಿಯ ಪುಡಿಯಲ್ಲಿ ಎರಡು ಹಾರ್ಮೋನು ಇರುತ್ತವೆ, ಟಿ4 ಮತ್ತು ಟಿ3. ಅಮೆರಿಕದಲ್ಲಿ ಈಗಲೂ ಸಿಗುವ ಹಂದಿಯ ಗ್ರಂಥಿಯ ಒಂದು ಗ್ರೇನ್ ಮಾತ್ರೆಯಲ್ಲಿ 38 ಮೈಕ್ರೋಗ್ರಾಂ ಟಿ4, 9 ಮೈಕ್ರೋಗ್ರಾಂ ಟಿ3. ಹತ್ತಿರ ಹತ್ತಿರ ನಾಲ್ಕಕ್ಕೆ ಒಂದು. ಮನುಷ್ಯನ ಗ್ರಂಥಿ ಸ್ರವಿಸುವುದು ಸುಮಾರು ಹದಿನಾಲ್ಕಕ್ಕೆ ಒಂದು. ಹಂದಿಗೆ ನೈಸರ್ಗಿಕವಾದ ಅಳತೆ ನಮಗೆ ನೈಸರ್ಗಿಕವಲ್ಲ ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಟಿ3 ಬೇಗ ರಕ್ತಕ್ಕೆ ಸೇರಿ ಬೇಗ ಇಳಿಯುತ್ತದೆ. ಮಾತ್ರೆ ನುಂಗಿದ ಕೆಲವು ಗಂಟೆ ಅದು ಏರಿ ನಿಲ್ಲುವುದರಿಂದ ಎದೆ ಡವಡವ ಎನ್ನುವುದು, ಕೈ ನಡುಗುವುದು ಕೆಲವರಿಗೆ ಆಗುತ್ತದೆ. ವಯಸ್ಸಾದವರಿಗೆ, ಹೃದಯ ದುರ್ಬಲವಾದವರಿಗೆ ಇದು ಅಪಾಯ. ಹಳೆಯ ಕಾಲದಲ್ಲಿ ಇನ್ನೊಂದು ತೊಂದರೆಯೂ ಇತ್ತು. ಪುಡಿಯ ಬಲವನ್ನು ಅದರಲ್ಲಿರುವ ಅಯೋಡಿನ್‌ನಿಂದ ಅಳೆಯುತ್ತಿದ್ದರು, ಹಾರ್ಮೋನಿನಿಂದ ಅಲ್ಲ. ಹಾಗಾಗಿ ಒಂದು ಡಬ್ಬಿಗೂ ಇನ್ನೊಂದಕ್ಕೂ ಹೊಂದಿಕೆಯಾಗುತ್ತಿರಲಿಲ್ಲ.

ಖಾಲಾ ನುಂಗುವ ಬಿಳಿ ಮಾತ್ರೆಯ ಹಿಂದೆಯೂ ಪ್ರಾಣಿಯ ಗ್ರಂಥಿಯಿಂದಲೇ ಆರಂಭವಾದ ಒಂದು ಕಥೆಯಿದೆ. ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರ ಡಿಸೆಂಬರ್ 25ರಂದು ಹರಳಿನ ರೂಪದಲ್ಲಿ ಥೈರಾಕ್ಸಿನ್ ಬೇರ್ಪಡಿಸಿದರು. ಮುಂದೆ ಮೂರು ಟನ್ನಿನಷ್ಟು ಹಂದಿ ಗ್ರಂಥಿಯಿಂದ ಅವರಿಗೆ ದಕ್ಕಿದ್ದು 33 ಗ್ರಾಂ. 1926ರಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆಯನ್ನು ಬಿಡಿಸಿದರು, ಮರುವರ್ಷ ಜಾರ್ಜ್ ಬಾರ್ಜರ್ ಜೊತೆ ಸೇರಿ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದರು. 1952ರಲ್ಲಿ ಟಿ3 ಪತ್ತೆಯಾಯಿತು. ಟಿ4 ಮಾತ್ರ ಕೊಟ್ಟರೂ ದೇಹ ತನಗೆ ಬೇಕಾದಷ್ಟನ್ನು ಟಿ3 ಆಗಿ ಬದಲಾಯಿಸಿಕೊಳ್ಳುತ್ತದೆ ಎಂದು 1970ರಲ್ಲಿ ರೋಗಿಗಳಲ್ಲಿ ಸಾಬೀತಾದ ಮೇಲೆ ವೈದ್ಯರು ಗ್ರಂಥಿಯ ಪುಡಿಯನ್ನು ಕೈಬಿಡುತ್ತಾ ಬಂದರು. ಇಂದಿನ ಥೈರಾಕ್ಸಿನ್‌ಗೆ ಯಾವ ಪ್ರಾಣಿಯ ಗ್ರಂಥಿಯೂ ಬೇಡ. ಅಣು ಮಾತ್ರ ನಮ್ಮ ಕತ್ತಿನಲ್ಲಿ ಹುಟ್ಟುವ ಅಣುವೇ. ಅದನ್ನು ಬರೀ ರಾಸಾಯನಿಕ ಎಂದು ದೂರುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ಹಳೆಯ ಮಾತ್ರೆ ಕೇಳುವವರನ್ನು ಮೂಢರೆನ್ನಲೂ ಆಗದು. ಟಿ4 ತೆಗೆದುಕೊಂಡು ರಕ್ತ ಪರೀಕ್ಷೆ ಸರಿಯಿದ್ದರೂ ಚೆನ್ನಾಗಿಲ್ಲ ಎನ್ನುವ ರೋಗಿಗಳು ನಿಜವಾಗಿಯೂ ಇದ್ದಾರೆ. 2013ರಲ್ಲಿ ಅಮೆರಿಕದಲ್ಲಿ 70 ರೋಗಿಗಳಿಗೆ ಎರಡೂ ಔಷಧಗಳನ್ನು, ಯಾವುದು ಯಾವುದೆಂದು ತಿಳಿಸದೆ, ತಲಾ 16 ವಾರ ಕೊಟ್ಟು ನೋಡಿದರು. ಸುಸ್ತು, ನೆನಪಿನ ಶಕ್ತಿ ಮುಂತಾದ ಅಳತೆಗಳಲ್ಲಿ ಸರಾಸರಿ ವ್ಯತ್ಯಾಸ ಕಾಣಲಿಲ್ಲ. ಆದರೂ ಕೊನೆಗೆ ಯಾವುದು ಇಷ್ಟ ಎಂದು ಕೇಳಿದಾಗ 34 ಜನ ಗ್ರಂಥಿಯ ಮಾತ್ರೆ ಎಂದರು, 13 ಜನ ಥೈರಾಕ್ಸಿನ್ ಎಂದರು, 23 ಜನಕ್ಕೆ ಎರಡೂ ಒಂದೇ. ಈ 34 ಜನರ ಮಾತನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ಇದೆ. ಟಿ4 ಜೊತೆಗೆ ಸ್ವಲ್ಪ ಟಿ3 ಸೇರಿಸಿ ಕೊಟ್ಟು ನೋಡುವ ದಾರಿಯೂ ಇದೆ. ಅದನ್ನು ಹಾರ್ಮೋನು ತಜ್ಞರು, ರಕ್ತ ಪರೀಕ್ಷೆ ಮತ್ತು ನಾಡಿ ನೋಡುತ್ತಾ ಮಾಡಬೇಕು. ಭಯವಾಗುವುದು ಚೀಟಿಯಿಲ್ಲದೆ ಸಿಗುವ ಪುಡಿಗಳ ಬಗ್ಗೆ. ಥೈರಾಯ್ಡ್‌ಗೆ ಬಲ ಕೊಡುತ್ತದೆ ಎಂದು ಅಮೆರಿಕದಲ್ಲಿ ಮಾರುತ್ತಿದ್ದ ಇಂಥ 10 ಉತ್ಪನ್ನಗಳನ್ನು ಪರೀಕ್ಷಿಸಿದಾಗ 9ರಲ್ಲಿ ಟಿ3 ಸಿಕ್ಕಿತ್ತು. ಎಷ್ಟು ಹಾರ್ಮೋನು ನುಂಗುತ್ತಿದ್ದೇವೆಂದು ಕೊಂಡವರಿಗೆ ತಿಳಿಯುವುದಾದರೂ ಹೇಗೆ?

ಖಾಲಾರನ್ನು ಕೊನೆಗೆ ಶಿವಮೊಗ್ಗದ ತಜ್ಞ ವೈದ್ಯರಿಗೆ ತೋರಿಸಿದೆವು. ನಾನೂ ಜೊತೆಗಿದ್ದೆ. ಅವರು ಮೊದಲು ಕೇಳಿದ್ದು ಮಾತ್ರೆಯ ಹೆಸರನ್ನಲ್ಲ, ಎಷ್ಟು ಹೊತ್ತಿಗೆ, ಯಾವುದರ ಜೊತೆ ಎಂದು. ಖಾಲಾ ಪ್ರಾಮಾಣಿಕವಾಗಿ ಹೇಳಿದರು: ಬೆಳಗಿನ ಚಹಾದ ಜೊತೆ, ರಕ್ತ ಕಡಿಮೆ ಎಂದು ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನೂ ಸೇರಿಸಿ ಒಟ್ಟಿಗೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕರುಳಿನಲ್ಲೇ ಥೈರಾಕ್ಸಿನ್ನನ್ನು ಹಿಡಿದುಕೊಳ್ಳುತ್ತವೆ, ಔಷಧದ ಒಂದು ಭಾಗ ರಕ್ತಕ್ಕೆ ಸೇರುವುದೇ ಇಲ್ಲ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ನೀರಿನ ಜೊತೆ. ಚಹಾ ತಿಂಡಿ ಅರ್ಧದಿಂದ ಒಂದು ಗಂಟೆಯ ಮೇಲೆ. ಕಬ್ಬಿಣದ ಮಾತ್ರೆಗೆ ಕನಿಷ್ಠ ನಾಲ್ಕು ಗಂಟೆ ಅಂತರ. ರಂಜಾನಿನಲ್ಲಿ ಏನು ಮಾಡಬೇಕೆಂದು ಅಮ್ಮಿ ಕೇಳಿದರು. ಸಹರಿಗೆ ಅರ್ಧ ಗಂಟೆ ಮೊದಲು ಎದ್ದು ನುಂಗಬಹುದು, ಇಲ್ಲವೇ ಇಫ್ತಾರ್ ಊಟವಾಗಿ ಮೂರ್ನಾಲ್ಕು ಗಂಟೆ ಕಳೆದು ಮಲಗುವ ಮುನ್ನ ಎಂದರು. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಹೊತ್ತು ಬದಲಾದರೆ ತೊಂದರೆಯಿಲ್ಲ, ಬಿಡಬಾರದು ಅಷ್ಟೆ. ಟಿಎಸ್‌ಎಚ್ ನೋಡಲು ಆರು ವಾರ ಬಿಟ್ಟು ಬರಹೇಳಿದರು. ಇದನ್ನು ಬರೆಯುವಾಗ ಐದನೇ ವಾರ ನಡೆಯುತ್ತಿದೆ. ಖಾಲಾ ಈಗ ಅಲಾರಾಂ ಇಟ್ಟು ಏಳುತ್ತಾರೆ. ನನ್ನ ತಮ್ಮನಿಗೆ ಇದು ತಮಾಷೆ.

ಮರ್ರೆಯವರ ಮುಂದಿನ ಬದುಕಿನಲ್ಲಿ ಅಂಥ ನಾಟಕೀಯ ಘಟನೆಗಳಿಲ್ಲ. 1893ರಲ್ಲಿ ಡರ್ಹಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, 1908ರಲ್ಲಿ ಮ್ಯಾಂಚೆಸ್ಟರ್‌ಗೆ ಹೋದರು. ಮೊದಲ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ವೈದ್ಯರಾಗಿ ಕೆಲಸ ಮಾಡಿದರು. ಆದರೆ 1891ರ ಆ ರೋಗಿಯನ್ನು ಅವರು ಮರೆತಿರಲಿಲ್ಲ. ನನಗೆ ಅವರಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಇದು. ಆಕೆ 28 ವರ್ಷ ಆ ಔಷಧದ ಮೇಲೆ ಬದುಕಿ, 1919ರಲ್ಲಿ ತಮ್ಮ 74ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಮರ್ರೆ ಅದೇ ಪತ್ರಿಕೆಯಲ್ಲಿ ಆಕೆಯ ಪೂರ್ತಿ ಕಥೆ ಬರೆದರು. ಅಷ್ಟೂ ವರ್ಷಗಳಲ್ಲಿ ಆಕೆ ತೆಗೆದುಕೊಂಡ ರಸ ಒಂಬತ್ತು ಪಿಂಟ್, ಎಂದರೆ ಐದು ಲೀಟರಿಗೆ ಸ್ವಲ್ಪ ಹೆಚ್ಚು. ಅದಕ್ಕೆ ಬೇಕಾದ ಕುರಿಗಳು 870ಕ್ಕೂ ಮೇಲೆ. ಒಬ್ಬ ವೈದ್ಯ ಒಬ್ಬ ರೋಗಿಯ ಲೆಕ್ಕವನ್ನು ಇಷ್ಟು ಕಾಲ ಇಟ್ಟುಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ.

1925ರಲ್ಲಿ ಅವರು ಮ್ಯಾಂಚೆಸ್ಟರ್‌ನ ಹುದ್ದೆಯಿಂದ ನಿವೃತ್ತರಾದರು. 1939ರ ಸೆಪ್ಟೆಂಬರ್ 21ರಂದು ಚೆಷೈರ್‌ನ ಮೊಬರ್ಲಿ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಹ್ಯಾರಿಂಗ್ಟನ್ ಪ್ರಯೋಗಾಲಯದಲ್ಲಿ ಥೈರಾಕ್ಸಿನ್ ತಯಾರಿಸಿ ಆಗಲೇ 12 ವರ್ಷ ಕಳೆದಿತ್ತು. ಆದರೂ ಆ ದಿನ ಔಷಧದಂಗಡಿಗಳಲ್ಲಿ ಹೆಚ್ಚಿನ ರೋಗಿಗಳ ಕೈಗೆ ಸಿಗುತ್ತಿದ್ದದ್ದು ಇನ್ನೂ ಒಣಗಿಸಿದ ಗ್ರಂಥಿಯ ಮಾತ್ರೆಯೇ.